ಲಿಂಬೆಹಣ್ಣು ತುಳಿದು ಬಂದ ಕಾರು

ಹೊಸ ಗಾಡಿ ಮನೆಗೆ ಬಂತೆಂದರೆ ನಮ್ಮ ಜಮಖಂಡಿ ಕಡೆ ಎಲ್ಲರೂ ಮೊದಲು ಹುಡುಕುವುದು ಲಿಂಬೆಹಣ್ಣನ್ನು. ನಾಲ್ಕು ಗಾಲಿಗೆ ನಾಲ್ಕು ಹಣ್ಣು. ಪೂಜೆ ಮುಗಿದು, ಕಾಯಿ ಒಡೆದು, ಗಾಡಿ ಮೆಲ್ಲಗೆ ಮುಂದೆ ಸರಿದಾಗ ಹಣ್ಣು ಪಚಕ್ಕನೆ ಒಡೆಯುತ್ತದೆ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ದೃಷ್ಟಿ ಹೋಯಿತು, ಇನ್ನು ಗಾಡಿಗೆ ಏನೂ ಆಗುವುದಿಲ್ಲ ಎಂದು ಹಿರಿಯರು ಸಮಾಧಾನ ಪಡುತ್ತಾರೆ.

ಅಮೆರಿಕದಲ್ಲಿ ಇದೇ ಹಣ್ಣಿಗೆ ಬೇರೆ ಅರ್ಥ. ಕೊಂಡ ದಿನದಿಂದಲೂ ಕೆಡುತ್ತಲೇ ಇರುವ, ಎಷ್ಟು ರಿಪೇರಿ ಮಾಡಿಸಿದರೂ ಸರಿಹೋಗದ ಕಾರನ್ನು ಅಲ್ಲಿಯವರು 'ಲೆಮನ್' ಎಂದು ಕರೆಯುತ್ತಾರೆ. ಅಂಥ ಕಾರು ಕೊಂಡವರನ್ನು ಕಾಪಾಡಲೆಂದೇ 1982ರಲ್ಲಿ ಕನೆಕ್ಟಿಕಟ್ ಎಂಬ ರಾಜ್ಯ ಒಂದು ಕಾಯ್ದೆ ಮಾಡಿತು. ಅದಕ್ಕೆ 'ಲೆಮನ್ ಕಾಯ್ದೆ' ಎಂದೇ ಹೆಸರಾಯಿತು. ಮುಂದೆ ಅಲ್ಲಿನ ಎಲ್ಲ ರಾಜ್ಯಗಳಿಗೂ ಇಂಥ ಕಾಯ್ದೆ ಬಂತು. 2012ರಲ್ಲಿ ಸಿಂಗಪುರವೂ ಮಾಡಿಕೊಂಡಿತು.

ಈ ವಾರ ಈ ಮಾತು ಎತ್ತಲು ಕಾರಣವಿದೆ. ಓದುಗರ ಟಪಾಲಿನಲ್ಲಿ ಮುಧೋಳದಿಂದ ಒಂದು, ಬೀಳಗಿಯಿಂದ ಒಂದು ಪತ್ರ ಬಂದಿವೆ. ಎರಡರಲ್ಲೂ ಒಂದೇ ಸಂಕಟ: ಹೊಸ ಗಾಡಿ, ಹಳೇ ಗೋಳು. ಅವರಿಗೆ ಉತ್ತರ ಹೇಳುವ ಮೊದಲು ನಮ್ಮ ಮನೆಯ ಕಥೆ ಹೇಳಿಬಿಡುತ್ತೇನೆ. ನಾನು ವಕೀಲಳಲ್ಲ. ಮೂವತ್ತು ವರ್ಷ ಸಮಾಜ ವಿಜ್ಞಾನ ಕಲಿಸಿದ ಮಾಸ್ತರಿಣಿ. ಆದರೆ ನನ್ನ ತಮ್ಮನ ಕಾರು ನನಗೆ ಈ ಕಾನೂನನ್ನು ಅರೆದು ಕುಡಿಸಿತು.

ತಮ್ಮ ಬನಹಟ್ಟಿಯಲ್ಲಿ ಇರುತ್ತಾನೆ. ಎಂಟು ಪವರ್‌ಲೂಮ್ ಇವೆ, ಸೀರೆ ನೇಯಿಸುತ್ತಾನೆ. ಮೂರು ವರ್ಷದ ಹಿಂದೆ ದಸರೆಗೆ ಅರ್ಧ ಉಳಿತಾಯ, ಅರ್ಧ ಸಾಲ ಸೇರಿಸಿ ಒಂಬತ್ತು ಲಕ್ಷದ ಕಾರು ತಂದ. ನಾಲ್ಕು ಲಿಂಬೆಹಣ್ಣೂ ಚೆನ್ನಾಗಿಯೇ ಒಡೆದವು. ಹನ್ನೊಂದನೆಯ ದಿನ ಮುಧೋಳದ ದಾರಿಯಲ್ಲಿ ಕಾರು ತಾನಾಗಿಯೇ ಬಂದ್ ಆಯಿತು. ಅರ್ಧ ತಾಸು ಬಿಟ್ಟು ಕೀಲಿ ತಿರುಗಿಸಿದರೆ ಏನೂ ಆಗಿಲ್ಲವೆಂಬಂತೆ ಶುರುವಾಯಿತು.

ಸರ್ವಿಸ್ ಸೆಂಟರಿಗೆ ಒಯ್ದ. "ಹೊಸಾ ಇಂಜಿನ್ ಸರ್, ಸೆಟ್ ಆಗಬೇಕು" ಎಂದರು. ಎರಡನೆಯ ಸಲ "ಪೆಟ್ರೋಲಿನಾಗ ಕಸ ಬಂದಿರಬೇಕು" ಎಂದರು. ಮೂರನೆಯ ಸಲ ಒಂದು ಸೆನ್ಸರ್ ಬದಲಿಸಿದರು. ಪ್ರತಿ ಸಲವೂ ಎರಡು ದಿನ, ಮೂರು ದಿನ ಗಾಡಿ ಅಲ್ಲೇ. ತಮ್ಮ ಬಸ್ಸಿನಲ್ಲಿ ತಿರುಗಾಟ.

ನಾಲ್ಕನೆಯ ಸಲ ಮಾತ್ರ ನಗುವ ಹಾಗಿರಲಿಲ್ಲ. ನಮ್ಮ ಅವ್ವನಿಗೆ ಆರಾಮಿರಲಿಲ್ಲ. ರಾತ್ರಿ ವಿಜಯಪುರದ ಆಸ್ಪತ್ರೆಗೆ ಹೊರಟಿದ್ದರು. ಕೃಷ್ಣಾ ನದಿಯ ಸೇತುವೆಯ ನಟ್ಟನಡುವೆ ಕಾರು ನಿಂತಿತು. ಲೈಟೂ ಮಂಕು. ಹಿಂದೆ ಎರಡು ಟ್ರೇಲರ್ ತುಂಬ ಕಬ್ಬು ಹೇರಿಕೊಂಡ ಟ್ರ್ಯಾಕ್ಟರ್ ಬರುತ್ತಿತ್ತು. ಆ ಡ್ರೈವರ್ ಪುಣ್ಯಾತ್ಮ, ದೂರದಲ್ಲೇ ನೋಡಿ ಬ್ರೇಕ್ ಹಾಕಿದ. ಅವ್ವ ಇವತ್ತಿಗೂ ಆ ಸೇತುವೆ ಬಂದರೆ ಕಣ್ಣು ಮುಚ್ಚಿಕೊಳ್ಳುತ್ತಾಳೆ.

ಮರುದಿನ ತಮ್ಮ ನಮ್ಮ ಮನೆಗೆ ಬಂದು ಕೂತ. "ಅಕ್ಕಾ, ಒಂಬತ್ತು ಲಕ್ಷ ಕೊಟ್ಟು ಮನಿ ಮುಂದ ಬರಡ ಎಮ್ಮಿ ಕಟ್ಟಿದಂಗ ಆಗೇತಿ. ಹಾಲೂ ಇಲ್ಲ, ಸಗಣೀನೂ ಇಲ್ಲ. ಮೇವು ಮಾತ್ರ ತಪ್ಪಂಗಿಲ್ಲ" ಎಂದ. ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಹೇಳಿದ, "ನಾ ನೇಯಿಸಿದ ಸೀರ್ಯಾಗ ಒಂದ್ ದಾಗ ಕಂಡ್ರ ಸಾವ್ಕಾರ ಹೊಳ್ಳಿ ಕಳಸ್ತಾನ. ನಾ ತುಟಿ ಪಿಟ್ಟ ಅನ್ನದ ತೊಗೋತೀನಿ. ನಂದ ತಪ್ಪು ಅಂತೀನಿ. ಇವ್ರಿಗೆ ಆ ನ್ಯಾಯ ಯಾಕಿಲ್ಲ?"

ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿರಲಿಲ್ಲ. ಹುಡುಕಬೇಕಾಯಿತು.

ನಮ್ಮ ದೇಶದಲ್ಲಿ ಕಾರಿಗೆಂದೇ ಬೇರೆ ಲೆಮನ್ ಕಾಯ್ದೆ ಇಲ್ಲ. ಅಮೆರಿಕದ ಬಹಳಷ್ಟು ರಾಜ್ಯಗಳಲ್ಲಿ ಒಂದೇ ದೋಷಕ್ಕೆ ಇಂತಿಷ್ಟು ಸಲ ರಿಪೇರಿಯಾದರೆ, ಇಲ್ಲವೇ ಗಾಡಿ ಒಟ್ಟು 30 ದಿನ ಗ್ಯಾರೇಜಿನಲ್ಲೇ ಕೂತರೆ, ಅದನ್ನು ಲೆಮನ್ ಎಂದು ತಿಳಿಯುವ ಲೆಕ್ಕವಿದೆ. ನಮ್ಮಲ್ಲಿ ಅಂಥ ಸಿದ್ಧ ಲೆಕ್ಕವಿಲ್ಲ. ಆದರೆ ಬಾಗಿಲೇ ಇಲ್ಲ ಎಂದಲ್ಲ. ಆ ಬಾಗಿಲು ಗ್ರಾಹಕ ಸಂರಕ್ಷಣಾ ಕಾಯ್ದೆ. ಮೊದಲ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 1986ರ ಡಿಸೆಂಬರ್ 24ರಂದು. ಅದಕ್ಕೇ ಆ ದಿನ ರಾಷ್ಟ್ರೀಯ ಗ್ರಾಹಕರ ದಿನ. ಈಗ ಇರುವುದು 2019ರ ಹೊಸ ಕಾಯ್ದೆ, 2020ರ ಜುಲೈಯಿಂದ ಜಾರಿಯಲ್ಲಿದೆ. ಬೆಂಕಿಪೊಟ್ಟಣದಿಂದ ಹಿಡಿದು ಕಾರಿನವರೆಗೆ, ಕೊಂಡ ವಸ್ತುವಿನ ಗುಣಮಟ್ಟದಲ್ಲಿ ಕೊರತೆಯಿದ್ದರೆ ಅದು 'ದೋಷ'. ದೋಷ ರುಜುವಾತಾದರೆ ಗ್ರಾಹಕರ ಆಯೋಗವು ಅದನ್ನು ಸರಿಪಡಿಸಿ ಕೊಡಿ ಎನ್ನಬಹುದು, ವಸ್ತು ಬದಲಿಸಿ ಎನ್ನಬಹುದು, ಹಣ ಹಿಂದಿರುಗಿಸಿ ಎನ್ನಬಹುದು, ಆದ ತೊಂದರೆಗೆ ಪರಿಹಾರ ಕೊಡಿ ಎಂದೂ ಹೇಳಬಹುದು.

ಈ 'ರುಜುವಾತಾದರೆ' ಎಂಬ ಶಬ್ದದಲ್ಲೇ ಎಲ್ಲವೂ ಇದೆ. ತಮ್ಮನಿಗೆ ಹೇಳಿದೆ, "ಸರ್ವಿಸ್ ಸೆಂಟರಿನ ಕಾಗದ ತಾ." ತಂದ. ನಾಲ್ಕು ಜಾಬ್ ಕಾರ್ಡ್ ಇದ್ದವು. ನೋಡಿ ತಲೆ ಮೇಲೆ ಕೈ ಹೊತ್ತೆ. ಮೂರರಲ್ಲಿ ಬರೆದದ್ದು 'ಸಾಮಾನ್ಯ ತಪಾಸಣೆ. ದೋಷ ಕಂಡುಬಂದಿಲ್ಲ.' ಕಾರು ದಾರಿಯಲ್ಲಿ ನಿಂತಿತು ಎಂಬ ಮಾತು ಒಂದರಲ್ಲೂ ಇಲ್ಲ. ಕೆಳಗೆ 'ಕೆಲಸ ತೃಪ್ತಿಕರವಾಗಿದೆ' ಎಂಬ ಸಾಲು, ಅದರ ಮುಂದೆ ಸಹಿ.

"ಈ ಸಹಿ ಯಾರದು?"

"ನಂದ. ಇಲ್ಲೊಂದು ಸಹಿ ಹಾಕ್ರಿ, ಗಾಡಿ ಒಯ್ರಿ ಅಂದ್ರು. ಹಾಕಿದೆ."

ನಮ್ಮ ಮಂದಿ ಎಲ್ಲರೂ ಹೀಗೇ. ಬಾಯಲ್ಲಿ ಜಗಳ ಮಾಡುತ್ತೇವೆ, ಕಾಗದದ ಮೇಲೆ ತೃಪ್ತಿ ಬರೆದುಕೊಟ್ಟು ಬರುತ್ತೇವೆ.

ಆಗ ಬಾಗಿಲ ಹಿಂದೆ ನಿಂತಿದ್ದ ಅವನ ಮಗಳು, ಎಂಟನೆಯ ತರಗತಿಯ ಹುಡುಗಿ, ಮೆಲ್ಲಗೆ ಹೇಳಿದಳು, "ಅತ್ತಿ, ನಾ ಎಲ್ಲಾ ಬರದಿಟ್ಟೀನಿ."

ವಿಜ್ಞಾನದ ವಹಿಯ ಹಿಂದಿನ ಪುಟಗಳು. ಮೊದಲ ಸಲ ಕಾರು ಕೈಕೊಟ್ಟಾಗ ಅವಳ ಪರೀಕ್ಷೆಗೆ ತಡವಾಗಿತ್ತಂತೆ. ಶಾಲೆಯಲ್ಲಿ ಯಾರೂ ನಂಬಲಿಲ್ಲ, ಹೊಸ ಕಾರು ನಿಲ್ಲುತ್ತದೆಯೇ ಎಂದು ನಕ್ಕರಂತೆ. ಸಿಟ್ಟಿಗೆ ಬರೆಯಲು ಶುರು ಮಾಡಿದ್ದಳು. ತಾರೀಖು, ಹೊತ್ತು, ಎಲ್ಲಿ ನಿಂತಿತು, ಮೀಟರಿನಲ್ಲಿ ಎಷ್ಟು ಕಿಲೋಮೀಟರ್ ಇತ್ತು, ಏಸಿ ಹಾಕಿತ್ತೋ ಇಲ್ಲವೋ, ಎಷ್ಟು ಹೊತ್ತಿಗೆ ಮತ್ತೆ ಶುರುವಾಯಿತು. ಒಂಬತ್ತು ಸಲದ ಲೆಕ್ಕ ಇತ್ತು. ಅವರಪ್ಪ ಸರ್ವಿಸ್ ಸೆಂಟರಿಗೆ ಒಯ್ಯದೆ ಬಿಟ್ಟ ಸಲಗಳೂ ಅದರಲ್ಲಿದ್ದವು. ಸಾಲು ಸಾಲು ಓದಿದಾಗ ಒಂದು ಸಂಗತಿ ಎದ್ದು ಕಂಡಿತು. ಗಾಡಿ ಮುಕ್ಕಾಲು ತಾಸು ಎಡೆಬಿಡದೆ ಓಡಿದ ಮೇಲೆ, ಏಸಿ ಹಾಕಿದ್ದಾಗಲೇ ನಿಂತಿತ್ತು. ಸರ್ವಿಸ್ ಸೆಂಟರಿನವರು ಹತ್ತು ನಿಮಿಷ ಓಡಿಸಿ ನೋಡಿ 'ದೋಷ ಇಲ್ಲ' ಎಂದದ್ದೂ ಸುಳ್ಳಲ್ಲ. ಹತ್ತು ನಿಮಿಷದಲ್ಲಿ ಅದು ಕಾಣುವ ದೋಷವೇ ಆಗಿರಲಿಲ್ಲ.

ಐದನೆಯ ಸಲ ಒಯ್ಯುವಾಗ ನಾನೂ ಹೋದೆ. ಜಾಬ್ ಕಾರ್ಡಿನಲ್ಲಿ ನಮ್ಮ ಮಾತಿನಲ್ಲೇ ದೂರು ಬರೆಸಿದೆವು: 'ಮುಕ್ಕಾಲು ತಾಸು ಓಡಿದ ಮೇಲೆ ಇಂಜಿನ್ ತಾನಾಗಿ ಬಂದ್ ಆಗುತ್ತದೆ. ಇದು ಹತ್ತನೆಯ ಸಲ.' ಒಯ್ಯುವಾಗ ಸಹಿಯ ಪಕ್ಕದಲ್ಲಿ 'ದೀರ್ಘ ಓಡಾಟದ ಪರೀಕ್ಷೆ ಆಗಿಲ್ಲ, ತೃಪ್ತಿ ಇಲ್ಲ' ಎಂದು ತಮ್ಮ ಕೈಯಾರೆ ಬರೆದ. ಎದುರಿಗಿದ್ದವರ ಮುಖ ಬದಲಾದದ್ದು ನಾನು ನೋಡಿದೆ. ಬೈದಾಗ ಬದಲಾಗದ ಮುಖ ಅದು.

ನಂತರ ಶೋರೂಮಿಗೂ ತಯಾರಿಸಿದ ಕಂಪನಿಗೂ ಎರಡು ರಿಜಿಸ್ಟರ್ಡ್ ಪತ್ರ ಹಾಕಿದೆವು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿದೆವು. ಇದು ಪುಕ್ಕಟೆ. ಎಷ್ಟೋ ತಕರಾರು ಇಲ್ಲೇ ಮುಗಿಯುವುದುಂಟು. ನಮ್ಮದು ಮುಗಿಯಲಿಲ್ಲ. ಮುಂದಿನ ಮೆಟ್ಟಿಲು ಬಾಗಲಕೋಟೆಯ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ.

ಇಲ್ಲಿ ಬಹಳ ಜನರಿಗೆ ಗೊತ್ತಿಲ್ಲದ ಕೆಲವು ಮಾತು ಹೇಳಬೇಕು. ಕಾರು ಬೇರೆ ಜಿಲ್ಲೆಯಲ್ಲಿ ಕೊಂಡಿದ್ದರೂ, ಕಂಪನಿ ಎಲ್ಲೇ ಇದ್ದರೂ, ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಇದು ಹೊಸ ಕಾಯ್ದೆ ಕೊಟ್ಟ ದೊಡ್ಡ ಉಪಕಾರ. ವಸ್ತುವಿಗೆ ಕೊಟ್ಟ ಬೆಲೆ 50 ಲಕ್ಷದವರೆಗೆ ಇದ್ದರೆ ಜಿಲ್ಲಾ ಆಯೋಗ ಸಾಕು. ಬೆಲೆ 5 ಲಕ್ಷದವರೆಗಿದ್ದರೆ ಶುಲ್ಕವೇ ಇಲ್ಲ. 5ರಿಂದ 10 ಲಕ್ಷದವರೆಗೆ 200 ರೂಪಾಯಿ, 10ರಿಂದ 20 ಲಕ್ಷಕ್ಕೆ 400 ರೂಪಾಯಿ. ಒಂಬತ್ತು ಲಕ್ಷದ ಕಾರಿಗೆ ನಾವು ಕಟ್ಟಿದ್ದು 200. ವಕೀಲರು ಇರಲೇಬೇಕೆಂದಿಲ್ಲ, ನಿಮ್ಮ ವಾದ ನೀವೇ ಮಾಡಬಹುದು. ಆನ್‌ಲೈನಿನಲ್ಲೂ ದೂರು ಸಲ್ಲಿಸಬಹುದು. ಆದರೆ ಒಂದು ಗಡುವಿದೆ: ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ. 'ಮುಂದಿನ ಸರ್ವಿಸಿಗೆ ಸರಿ ಆಗ್ತದ' ಎಂಬ ಮಾತು ನಂಬಿ ಎರಡು ವರ್ಷ ಕಳೆದವರು ಬಹಳ ಮಂದಿ.

ದೂರಿನಲ್ಲಿ ಯಾರ ಹೆಸರು ಹಾಕಬೇಕು? ಮಾರಿದವರದೂ ಹಾಕಿ, ತಯಾರಿಸಿದವರದೂ ಹಾಕಿ. ಇದಕ್ಕೊಂದು ಗೋವೆಯ ಪ್ರಕರಣ ನೆನಪಿಡಬೇಕು. 2011ರ ಕಾರು ಎಂದು ಹೇಳಿ 2009ರಲ್ಲಿ ತಯಾರಾದದ್ದನ್ನು ಗ್ರಾಹಕರಿಗೆ ಕೊಡಲಾಗಿತ್ತು. ಟಾಟಾ ಮೋಟರ್ಸ್‌ನ ಮೇಲ್ಮನವಿಯಲ್ಲಿ ಸುಪ್ರೀಂ ಕೋರ್ಟ್ 2021ರಲ್ಲಿ, ಡೀಲರ್ ಮಾಡಿದ ತಪ್ಪು ತಯಾರಕರಿಗೂ ಗೊತ್ತಿತ್ತೆಂದು ತೋರಿಸದ ಹೊರತು ಅದಕ್ಕೆ ತಯಾರಕರನ್ನು ಹೊಣೆ ಮಾಡಲಾಗದು ಎಂದಿತು. ಯಾರ ತಪ್ಪು ಯಾವುದು ಎಂಬುದನ್ನು ಬಿಡಿಸಿ ಬರೆಯಬೇಕು ಎಂಬುದೇ ಇದರ ಪಾಠ.

ತಮ್ಮನಿಗೆ ಇದ್ದದ್ದು ಒಂದೇ ಹಟ: "ಹಳೇದ ಒಯ್ಲಿ, ಹೊಸಾ ಕಾರ ಕೊಡ್ಲಿ." ನಮಗೆ ಪರಿಚಯದ ವಕೀಲರೊಬ್ಬರು ಅವನನ್ನು ಕೂರಿಸಿ ಎರಡು ತೀರ್ಪು ಹೇಳಿದರು.

ಒಂದು 2006ರದು. ಮಾರುತಿ ಉದ್ಯೋಗ್ ಕಂಪನಿಯ ಕಾರೊಂದರ ಕ್ಲಚ್ ದೋಷದ ತಕರಾರು ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ವಾರಂಟಿಯಲ್ಲಿ ಒಪ್ಪಿಕೊಂಡಿರುವುದು ದೋಷವುಳ್ಳ ಭಾಗ ಬದಲಿಸಿಕೊಡುವುದನ್ನು, ಅದಕ್ಕೆ ಇಡೀ ಕಾರು ಬದಲಿಸು ಎನ್ನಲಾಗದು ಎಂದಿತು ಕೋರ್ಟ್. ಆದರೆ ಗ್ರಾಹಕ ಪಟ್ಟ ತೊಂದರೆಗೆ ಹಣದ ಪರಿಹಾರ ಕೊಡಿಸಿತು.

ಇನ್ನೊಂದು 2010ರದು, ನಮ್ಮ ಕರ್ನಾಟಕದಿಂದಲೇ ಹೋದದ್ದು. ಫಿಯಟ್ ಇಂಡಿಯಾ ಕಂಪನಿಯ ಕಾರು. ದೋಷ ಇದೆ ಎಂದು ಗ್ರಾಹಕರು, ಇಲ್ಲ ಎಂದು ಕಂಪನಿ. ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟು: ಸ್ವತಂತ್ರ ತಾಂತ್ರಿಕ ತಜ್ಞರು ಕಾರನ್ನು ಪರೀಕ್ಷಿಸಲಿ. ತಯಾರಿಕೆಯಲ್ಲೇ ದೋಷವಿದೆ ಎಂದು ಅವರು ಹೇಳಿದರೆ ಕಾರಿನ ಬೆಲೆ, ಕಟ್ಟಿದ ಆಜೀವ ತೆರಿಗೆ ಎಲ್ಲವನ್ನೂ ಶೇ 12ರ ಬಡ್ಡಿ ಸೇರಿಸಿ ಹಿಂದಿರುಗಿಸಬೇಕು.

ಎರಡನ್ನೂ ಕೂಡಿಸಿ ನೋಡಿದರೆ ದಾರಿ ಕಾಣುತ್ತದೆ. ಒಂದು ಭಾಗ ಕೆಟ್ಟರೆ ಭಾಗ ಬದಲಾಗುತ್ತದೆ. ಹುಟ್ಟಿನಲ್ಲೇ ದೋಷವಿದೆ, ರಿಪೇರಿಗೆ ಬಗ್ಗುವುದಿಲ್ಲ ಎಂದು ತಜ್ಞರು ಹೇಳಿದರೆ ಹಣವೇ ವಾಪಸು ಬರುವ ಸಾಧ್ಯತೆಯಿದೆ. ಪರೀಕ್ಷೆ ಮಾಡಿಸಿ ಎಂದು ಆಯೋಗವನ್ನು ನೀವೇ ಕೇಳಬಹುದು. ಅದರ ಶುಲ್ಕವನ್ನು ಮೊದಲು ನೀವು ಕಟ್ಟಬೇಕಾಗುತ್ತದೆ.

"ನಿಮ್ಮ ಮಗ್ಗದಾಗ ಒಂದು ಎಳಿ ಹರದ್ರ ಏನ್ ಮಾಡ್ತೀರಿ?" ಎಂದು ವಕೀಲರು ಕೇಳಿದರು. "ಎಳಿ ಹುಡುಕಿ ಕಟ್ಟತೀವ್ರಿ" ಎಂದ ತಮ್ಮ. "ಮಗ್ಗಾನ ಸೊಟ್ಟ ಇದ್ರ?" ತಮ್ಮ ನಕ್ಕುಬಿಟ್ಟ. ಅವನಿಗೆ ಅರ್ಥವಾಗಿತ್ತು.

ನಮ್ಮ ಪ್ರಕರಣ ತಜ್ಞರ ಪರೀಕ್ಷೆಯವರೆಗೆ ಹೋಗಲಿಲ್ಲ. ಹೊಸ ಕಾಯ್ದೆಯಲ್ಲಿ ಮಧ್ಯಸ್ಥಿಕೆಗೂ ಅವಕಾಶವಿದೆ, ಎರಡೂ ಕಡೆಯವರನ್ನು ಕೂರಿಸಿ ಮಾತನಾಡಿಸುತ್ತಾರೆ. ಕಂಪನಿಯ ಇಂಜಿನಿಯರ್ ಹುಡುಗಿಯ ವಹಿಯನ್ನು ಕೈಯಲ್ಲಿ ಹಿಡಿದು ಎರಡು ಸಲ ಓದಿದರು. "ಈ ಲೆಕ್ಕ ಮೊದಲೇ ಸಿಕ್ಕಿದ್ದರೆ ಚೆನ್ನಾಗಿತ್ತು" ಎಂದರು. ಕಾರನ್ನು ಒಂದು ತಾಸು ಏಸಿ ಹಾಕಿ ಓಡಿಸಿದರು. ಅವರ ಕೈಯಲ್ಲೇ ನಿಂತಿತು. ಇಂಧನ ಪಂಪು, ಅದಕ್ಕೆ ಹೋಗುವ ವೈರಿಂಗ್ ಪೂರ್ತಿ ಹೊಸದು ಹಾಕಿಸಿಕೊಟ್ಟರು. ವಾರಂಟಿ ಎರಡು ವರ್ಷ ಹೆಚ್ಚಿಸಿದರು. ತಿರುಗಾಟದ ಖರ್ಚು ಎಂದು ಒಂದಿಷ್ಟು ಹಣ ಕೊಟ್ಟರು. ಹೊಸ ಕಾರು ಬರಲಿಲ್ಲ. ಸೊಸೆಗೆ ಸ್ವಲ್ಪ ಬೇಸರವೂ ಆಯಿತು, "ಅತ್ತಿ, ಅಂದ್ರ ನಾವು ಗೆದ್ದಂಗೋ ಸೋತಂಗೋ?" ಎಂದಳು. "ಅಜ್ಜಿ ಕಾರ್‌ನ್ಯಾಗ ಕೂಡ್ರೂ ದಿನ ಹೇಳ್ತೀನಿ" ಎಂದೆ. ಮುಂದಿನ ಯುಗಾದಿಗೆ ಅವ್ವ ಕೂತಳು. ಸೇತುವೆ ಬಂದಾಗ ಕಣ್ಣು ಮುಚ್ಚಿಕೊಂಡಳು, ಆದರೆ ಕೂತಳು.

ಈಗ ಪತ್ರಗಳಿಗೆ ಬರುತ್ತೇನೆ.

ಮುಧೋಳದ ಓದುಗರು ಹೊಸ ಟ್ರ್ಯಾಕ್ಟರ್ ಕೊಂಡಿದ್ದಾರೆ, ಸ್ವಂತ ಓಡಿಸಿ ಫ್ಯಾಕ್ಟರಿಗೆ ಕಬ್ಬು ಸಾಗಿಸುತ್ತಾರೆ. ಆರು ತಿಂಗಳಲ್ಲಿ ಗೇರ್‌ಬಾಕ್ಸ್ ಮೂರು ಸಲ ಬಿಚ್ಚಿದ್ದಾರೆ. 'ಬಾಡಿಗೆ ದುಡಿಯೋ ಗಾಡಿಗೆ ಗ್ರಾಹಕರ ಕಾನೂನು ಇಲ್ಲ' ಎಂದು ಡೀಲರ್ ಹೇಳಿದನಂತೆ. ಅರ್ಧ ನಿಜ. ವ್ಯಾಪಾರಕ್ಕಾಗಿ ಕೊಂಡದ್ದಕ್ಕೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಆದರೆ ಸ್ವಂತ ಉದ್ಯೋಗದಿಂದ ಹೊಟ್ಟೆ ಹೊರೆಯಲೆಂದೇ ಕೊಂಡು ತಾವೇ ಬಳಸುವವರನ್ನು ಕಾಯ್ದೆ ಗ್ರಾಹಕರೆಂದೇ ಒಪ್ಪುತ್ತದೆ. ಹತ್ತು ಟ್ರ್ಯಾಕ್ಟರ್ ಇಟ್ಟು ಡ್ರೈವರುಗಳಿಂದ ಓಡಿಸುವವರ ಮಾತು ಬೇರೆ, ನಿಮ್ಮದು ಬೇರೆ. ದೂರಿನಲ್ಲಿ ಈ ಮಾತನ್ನು ಸ್ಪಷ್ಟವಾಗಿ ಬರೆಯಿರಿ: 'ನನ್ನ ಜೀವನೋಪಾಯಕ್ಕೆ ಕೊಂಡದ್ದು, ನಾನೇ ಓಡಿಸುತ್ತೇನೆ.'

ಬೀಳಗಿಯ ಕಾಲೇಜು ಹುಡುಗಿಯದು ಹೊಸ ಸ್ಕೂಟರ್. ಬ್ರೇಕ್ ಹಿಡಿದರೆ ಒಂದೊಂದು ಸಲ ಹಿಡಿಯುವುದಿಲ್ಲವಂತೆ. 'ಇಂಜಿನಿಯರಿಂಗ್ ನನಗೆ ಗೊತ್ತಿಲ್ಲ, ದೋಷ ಏನೆಂದು ಹೇಗೆ ಹೇಳಲಿ?' ಎಂದು ಕೇಳಿದ್ದಾಳೆ. ತಂಗೀ, ನೀನು ಹೇಳಬೇಕಾದದ್ದು ಏನಾಯಿತು ಎಂಬುದನ್ನು. 2017ರಲ್ಲಿ ಒಂದು ಕ್ರೆಟಾ ಕಾರು ಅಪಘಾತಕ್ಕೀಡಾದಾಗ ಮುಂದಿನ ಏರ್‌ಬ್ಯಾಗ್ ಬಿಚ್ಚಿಕೊಳ್ಳಲಿಲ್ಲ. ಹುಂಡೈ ಕಂಪನಿಯ ವಿರುದ್ಧದ ಆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2022ರಲ್ಲಿ, ಡಿಕ್ಕಿಯ ವೇಗ ಮತ್ತು ಬಲದ ಲೆಕ್ಕ ಹಾಕಲು ಗ್ರಾಹಕ ಭೌತಶಾಸ್ತ್ರ ಪಂಡಿತನಾಗಿರಬೇಕಿಲ್ಲ ಎಂಬ ಅರ್ಥದ ಮಾತು ಹೇಳಿತು. ಪರಿಹಾರವನ್ನೂ, ಕಾರು ಬದಲಿಸಿ ಕೊಡುವ ಆದೇಶವನ್ನೂ ಎತ್ತಿಹಿಡಿಯಿತು. ಆದರೆ ಒಂದು ಮಾತು ಮೊದಲು: ಬ್ರೇಕ್ ಹಿಡಿಯದ ಸ್ಕೂಟರನ್ನು ಇವತ್ತಿನಿಂದ ಓಡಿಸಬೇಡ. ಸರ್ವಿಸ್ ಸೆಂಟರಿನವರೇ ಬಂದು ಒಯ್ಯಲಿ ಎಂದು ಬರೆದು ಕಳಿಸು. ನಿನ್ನ ಮಾದರಿಯ ಗಾಡಿಗಳನ್ನು ಕಂಪನಿಯೇ ವಾಪಸು ಕರೆದಿದೆಯೇ ಎಂದು ಡೀಲರನ್ನು ಕೇಳು. ಜನರ ಜೀವಕ್ಕೆ ಅಪಾಯವಾಗುವ ದೋಷ ಬಹಳ ಗಾಡಿಗಳಲ್ಲಿ ಕಂಡರೆ ಅವನ್ನು ವಾಪಸು ಕರೆಯಿರಿ ಎಂದು ಆದೇಶಿಸುವ ಅಧಿಕಾರ ಕೇಂದ್ರ ಸರ್ಕಾರಕ್ಕೂ ಇದೆ, ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಿಂದ ಬಂದದ್ದು.

ಕಾನೂನು ಹೇಳುವ ಪ್ರಕಾರ ಇಂಥ ದೂರು 3 ತಿಂಗಳಲ್ಲಿ, ಪರೀಕ್ಷೆ ಬೇಕಾದರೆ 5 ತಿಂಗಳಲ್ಲಿ ತೀರಬೇಕು. ಅದಕ್ಕಿಂತ ಹೆಚ್ಚು ಹಿಡಿದರೂ ಎದೆಗುಂದಬೇಡಿ. ಜಿಲ್ಲಾ ಆಯೋಗದ ಆದೇಶ ಒಪ್ಪಿಗೆಯಾಗದಿದ್ದರೆ 45 ದಿನದೊಳಗೆ ರಾಜ್ಯ ಆಯೋಗಕ್ಕೆ ಮೇಲ್ಮನವಿ ಹಾಕಬಹುದು.

ಕೊನೆಗೆ ಮಕ್ಕಳಿಗೆ ಒಂದು ಕೆಲಸ. ನಿಮ್ಮ ಮನೆಗೆ ಹೊಸ ಗಾಡಿ ಬಂದ ದಿನ ಲಿಂಬೆಹಣ್ಣು ಒಡೆಯುವುದನ್ನು ಅವಶ್ಯ ನೋಡಿ, ಚಪ್ಪಾಳೆಯನ್ನೂ ತಟ್ಟಿ. ಅದಾದ ಮೇಲೆ ಎರಡು ರೂಲಿನ ಒಂದು ವಹಿ ತೆಗೆದು ಮೇಲೆ 'ಗಾಡಿ ವಹಿ' ಎಂದು ಬರೆಯಿರಿ. ಬಿಲ್ಲು, ವಾರಂಟಿ ಪುಸ್ತಕ ಎಲ್ಲಿಟ್ಟಿದೆ ಎಂಬುದು ಮೊದಲ ಪುಟದಲ್ಲಿರಲಿ. ಆಮೇಲೆ ತಾರೀಖು, ಕಿಲೋಮೀಟರ್, ಏನಾಯಿತು, ಯಾರಿಗೆ ಹೇಳಿದೆವು, ಅವರು ಏನೆಂದರು. ಸರ್ವಿಸ್ ಸೆಂಟರಿನಲ್ಲಿ ಅಪ್ಪ ಸಹಿ ಹಾಕುವಾಗ ಪಕ್ಕದಲ್ಲಿ ನಿಂತು ಕಾಗದ ಪೂರ್ತಿ ಓದಿ. ಬಹುಪಾಲು ಮನೆಗಳಲ್ಲಿ ಆ ವಹಿ ಖಾಲಿಯೇ ಉಳಿಯಲಿ ಎಂದು ನನ್ನ ಹಾರೈಕೆ.

ನಮ್ಮ ಸೊಸೆಯ ವಹಿ ಈಗ ನಿಂತಿದೆ. ಕೊನೆಯ ಸಾಲು ಯುಗಾದಿಯ ಮರುದಿನದ್ದು: 'ಬನಹಟ್ಟಿಯಿಂದ ವಿಜಯಪುರ, ಹೊಳ್ಳಿ ಬನಹಟ್ಟಿ. ಏಸಿ ಹಾಕಿತ್ತು. ಎಲ್ಲೂ ನಿಲ್ಲಲಿಲ್ಲ. ಅಜ್ಜಿ ಮಲಗಿದ್ದಳು.'